ಗೇಟಿನ ವಾಚ್‌ಮನ್ ಆ ರಾತ್ರಿ 108 ಒತ್ತಿದ್ದು ನಿಜ: ನಮ್ಮ ಕಾಲೇಜಿನ ಆಡಳಿತ ಮಂಡಳಿಗೊಂದು ಬಹಿರಂಗ ಪತ್ರ

ಆಡಳಿತ ಮಂಡಳಿಯ ಅಧ್ಯಕ್ಷರಿಗೆ, ಕಾರ್ಯದರ್ಶಿಗಳಿಗೆ ಮತ್ತು ಪ್ರಾಂಶುಪಾಲರಿಗೆ,

ವಿಷಯ: ಕ್ಯಾಂಪಸ್ಸಿಗೆ ಹಾಕಿರುವ ಹೊಸ ಇಂಟರ್ನೆಟ್ ಫೋನುಗಳು, ಮತ್ತು ಗೇಟಿನ ವಾಚ್‌ಮನ್‌ಗೆ ಕೊಟ್ಟಿರುವ ಮೆಮೊ.

ಮಾನ್ಯರೇ,

ನಾನು ನಿಮ್ಮದೇ ಎಲೆಕ್ಟ್ರಾನಿಕ್ಸ್ ಲ್ಯಾಬಿನ ಇನ್‌ಸ್ಟ್ರಕ್ಟರ್, ಬರುವ ಮಾರ್ಚ್‌ಗೆ ರಿಟೈರ್ ಆಗುವವನು. 26 ವರ್ಷದಿಂದ ಲ್ಯಾಬಿನ ಕೆಲಸದ ಜೊತೆಗೆ ಕ್ಯಾಂಪಸ್ಸಿನ ಇಂಟರ್‌ಕಾಮನ್ನೂ ನೋಡಿಕೊಂಡೆ. ಅದಕ್ಕೊಂದು ಆರ್ಡರ್ ಇರಲಿಲ್ಲ, ಅಲೋಯನ್ಸೂ ಇರಲಿಲ್ಲ. ಯಾರದೋ ಫೋನ್ ಸತ್ತರೆ ಲ್ಯಾಬಿನ ಬಾಗಿಲಿಗೆ ಬಂದು "ಸಾರ್, ನಮ್ಮಲ್ಲಿ ಡಯಲ್ ಟೋನೇ ಇಲ್ಲ" ಅಂತ ನಿಲ್ಲುತ್ತಿದ್ದರು, ನಾನು ಟೆಸ್ಟರ್ ಹಿಡಿದು ಹೋಗುತ್ತಿದ್ದೆ, ಅಷ್ಟೇ. ಇದನ್ನು ಮೊದಲೇ ಯಾಕೆ ಹೇಳುತ್ತಿದ್ದೇನೆ ಅಂದರೆ, ಪತ್ರ ಓದಿ "ಇವನಿಗೆ ತನ್ನ ಹಳೇ ಡಬ್ಬ ಹೋಯಿತಲ್ಲ ಅಂತ ಹೊಟ್ಟೆಯುರಿ" ಅಂದುಕೊಳ್ಳುವವರು ಇದ್ದಾರೆ. ಸ್ವಲ್ಪ ಬೇಜಾರು ಇರುವುದು ನಿಜ. ಆದರೆ ಪತ್ರ ಅದರ ಬಗ್ಗೆ ಅಲ್ಲ.

ಇದೇ ವಿಷಯವನ್ನು ಮೂರು ಸಲ ಬರೆದು ಕೊಟ್ಟಿದ್ದೇನೆ. ಮೂರಕ್ಕೂ ಟಪಾಲಿನಲ್ಲಿ ಇನ್‌ವರ್ಡ್ ನಂಬರ್ ಹಾಕಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ "ಪರಿಶೀಲಿಸಲಾಗುವುದು" ಅಂತ ಉತ್ತರ ಬಂತು. ಎರಡನೆಯದಕ್ಕೆ ಏನೂ ಬರಲಿಲ್ಲ. ಮೂರನೆಯದನ್ನು ಕೊಟ್ಟ ಮಾರನೇ ವಾರ ವಾಚ್‌ಮನ್‌ಗೆ ಮೆಮೊ ಹೋಯಿತು. ಹಾಗಾಗಿ ಈ ಸಲ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ.

ಆ ರಾತ್ರಿಯ ಕತೆಯನ್ನು ನೀವು ರಿಪೋರ್ಟಿನಲ್ಲಿ ಓದಿದ್ದೀರಿ. ನಾನು ನೋಡಿದ್ದನ್ನು ಹೇಳುತ್ತೇನೆ.

ಜುಲೈ ತಿಂಗಳು, ಪುನರ್ವಸು ಮಳೆ ಹಿಡಿದು ನಾಲ್ಕನೇ ದಿನ. ನಮ್ಮ ಕಡೆ ಆ ಮಳೆ ಹೇಗೆ ಅಂತ ಬೆಂಗಳೂರಿನಲ್ಲಿರುವ ಸದಸ್ಯರಿಗೆ ಗೊತ್ತಿರಲಿಕ್ಕಿಲ್ಲ, ಕೊಡೆ ಹಿಡಿದರೆ ಕೊಡೆ ಮಾತ್ರ ಒಣಗಿರುತ್ತದೆ ಅಂತ ನಾವು ತಮಾಷೆ ಮಾಡುತ್ತೇವೆ, ಅದೂ ಸುಳ್ಳು, ಕೊಡೆಯೂ ಒದ್ದೆ. ರಾತ್ರಿ 9 ಗಂಟೆ ಹೊತ್ತಿಗೆ ಎಲ್ಲೋ ಲೈನ್ ಮೇಲೆ ಮರ ಬಿತ್ತು, ಕರೆಂಟ್ ಹೋಯಿತು. ಆಡಳಿತ ಕಟ್ಟಡಕ್ಕೆ ಜನರೇಟರ್ ಇದೆ, ತಾನಾಗಿಯೇ ಶುರುವಾಯಿತು. ಗುಡ್ಡದ ಕೆಳಗಿರುವ ಹೆಣ್ಣುಮಕ್ಕಳ ಹಾಸ್ಟೆಲ್‌ಗೆ ಇಲ್ಲ.

11.40ರ ಸುಮಾರಿಗೆ ಸೆಕೆಂಡ್ ಬಿಎಸ್ಸಿಯ ಒಬ್ಬ ಹುಡುಗಿಗೆ ಉಬ್ಬಸ ಜೋರಾಯಿತು. ಇನ್‌ಹೇಲರ್ ಖಾಲಿ. ವಾರ್ಡನ್ ಮೇಡಂ ಮೇಜಿನ ಮೇಲಿನ ಹೊಸ ಫೋನ್ ಎತ್ತಿದರೆ ಸ್ಕ್ರೀನ್ ಕಪ್ಪು. ಮೊಬೈಲಿನಲ್ಲಿ ಸಿಗ್ನಲ್ ಇಲ್ಲ, ಕರೆಂಟ್ ಹೋಗಿ ಎರಡು ಗಂಟೆ ಕಳೆದರೆ ನಮ್ಮ ಟವರೂ ಮಲಗುತ್ತದೆ, ಇದು ಊರಿಗೆಲ್ಲ ಗೊತ್ತು. ಇಬ್ಬರು ಹುಡುಗಿಯರು ಟಾರ್ಚ್ ಹಿಡಿದು ಆ ಮಳೆಯಲ್ಲಿ ಗುಡ್ಡ ಹತ್ತಿ ಗೇಟಿಗೆ ಓಡಿಬಂದರು. ಗೇಟಿನ ಫೋನ್ ಬದುಕಿತ್ತು, ಯಾಕೆಂದರೆ ಅಲ್ಲಿ ಸಿಸಿಟಿವಿಗೆ ಅಂತ ಬೇರೆ ಯುಪಿಎಸ್ ಇಟ್ಟಿದ್ದಾರೆ. ವಾಚ್‌ಮನ್ 108 ಒತ್ತಿದರು. ರಿಂಗ್ ಆಯಿತು. ಯಾರೂ ಎತ್ತಲಿಲ್ಲ. ಇನ್ನೊಂದು ಸಲ ಒತ್ತಿದರು. ಮೂರನೇ ಸಲವೂ ಒತ್ತಿ, ಫೋನ್ ಇಟ್ಟು, ಪಕ್ಕದಲ್ಲೇ ಇರುವ ನಮ್ಮ ಕ್ವಾರ್ಟರ್ಸ್ ಬಾಗಿಲು ಬಡಿದರು. ನನ್ನ ಹತ್ತಿರ ಹಳೇ ಓಮ್ನಿ ಇದೆ. ಹಿಂದಿನ ಸೀಟು ಮಡಚಿ, ವಾರ್ಡನ್ ಮೇಡಂ ತೊಡೆಯ ಮೇಲೆ ಹುಡುಗಿಯನ್ನು ಕೂರಿಸಿಕೊಂಡು 9 ಕಿಲೋಮೀಟರ್ ದೂರದ ಆಸ್ಪತ್ರೆಗೆ ಹೋದೆವು. ನೆಬ್ಯುಲೈಸರ್ ಹಾಕಿದರು. ಎರಡು ಗಂಟೆ ಹೊತ್ತಿಗೆ ಹುಡುಗಿ ಎದ್ದು ಕೂತು "ಸಾರ್, ಇಲ್ಲಿ ಟೀ ಸಿಗುತ್ತಾ" ಅಂತ ಕೇಳಿದಳು. ಸಿಗಲಿಲ್ಲ ಅನ್ನಿ.

ಇಷ್ಟು ನಡೆದ ಮೇಲೆ ಮೆಮೊದಲ್ಲಿ ಬರೆದದ್ದೇನು? "ತುರ್ತು ಸಂದರ್ಭದಲ್ಲಿ ಆಂಬುಲೆನ್ಸ್‌ಗೆ ಕರೆ ಮಾಡದೆ ಕರ್ತವ್ಯಲೋಪ ಎಸಗಿದ್ದೀರಿ, ಕರೆ ಮಾಡಿದ್ದಾಗಿ ಸುಳ್ಳು ಹೇಳಿದ್ದೀರಿ." ಆಧಾರ ಏನು ಅಂದರೆ ಫೋನ್ ಹಾಕಿದ ಕಂಪನಿಯವರು ತೆಗೆದುಕೊಟ್ಟ ಪ್ರಿಂಟ್‌ಔಟ್. ರಾತ್ರಿ 9ರಿಂದ ಬೆಳಗ್ಗೆ 6ರ ತನಕ ಗೇಟಿನ ಫೋನಿನಿಂದ ಹೊರಗೆ ಒಂದೂ ಕಾಲ್ ಇಲ್ಲ ಅಂತ ಅದರಲ್ಲಿದೆ.

ಆ ಪ್ರಿಂಟ್‌ಔಟ್ ಸುಳ್ಳಲ್ಲ. ವಾಚ್‌ಮನ್ ಹೇಳಿದ್ದೂ ಸುಳ್ಳಲ್ಲ. ಎರಡೂ ಹೇಗೆ ನಿಜ ಅಂತ ನನಗೆ ಗೊತ್ತಾಗಿದ್ದು ಪರೀಕ್ಷಾ ವಿಭಾಗದ ಕ್ಲರ್ಕ್ ಒಬ್ಬರಿಂದ. ಎರಡು ದಿನ ಬಿಟ್ಟು ಕ್ಯಾಂಟೀನಿನಲ್ಲಿ ಸಿಕ್ಕಿದಾಗ ಅವರು ಸುಮ್ನೆ ಮಾತಿಗೆ ಕೇಳಿದರು: "ಮೊನ್ನೆ ಸಂಜೆ 6.22ಕ್ಕೆ ಗೇಟಿನಿಂದ ನಮಗೆ ಮೂರು ಮಿಸ್ಡ್ ಕಾಲ್ ಇತ್ತು ಸಾರ್, ಏನು ವಿಷಯ ಅಂತ ಗೊತ್ತಾ?" ಸಂಜೆ 6.22ಕ್ಕೆ ಗೇಟಿನಲ್ಲಿದ್ದದ್ದು ಬೇರೆ ಶಿಫ್ಟಿನವರು, ಅವರು ಯಾರಿಗೂ ಫೋನ್ ಮಾಡಿರಲಿಲ್ಲ. ನಾನು ಪರೀಕ್ಷಾ ವಿಭಾಗಕ್ಕೆ ಹೋಗಿ ಫೋನ್ ನೋಡಿದೆ. 6.22, 6.23, 6.25. ಆಮೇಲೆ ಫೋನಿನ ಮೂಲೆಯಲ್ಲಿರುವ ಗಡಿಯಾರ ನೋಡಿದೆ. ಆಗ ಮಧ್ಯಾಹ್ನ 3.05. ಫೋನಿನ ಪ್ರಕಾರ ಬೆಳಗ್ಗೆ 9.35.

ಸ್ವಾಮಿ, ನೀವು ಹಾಕಿಸಿದ ಫೋನುಗಳೆಲ್ಲ ಗ್ರೀನಿಚ್ ಟೈಮ್ ತೋರಿಸುತ್ತಿವೆ. ಟೈಮ್‌ಝೋನ್ ಬದಲಾಯಿಸುವುದನ್ನೇ ಮರೆತಿದ್ದಾರೆ. ನಮ್ಮದು ಅಲ್ಲಿಗಿಂತ 5 ಗಂಟೆ 30 ನಿಮಿಷ ಮುಂದೆ. 6.22ಕ್ಕೆ ಅದನ್ನು ಸೇರಿಸಿದರೆ ರಾತ್ರಿ 11.52. ಹುಡುಗಿಯರು ಗೇಟಿಗೆ ಓಡಿಬಂದ ಹೊತ್ತು. ಅನುಮಾನ ಉಳಿಯಬಾರದು ಅಂತ ಆ ಸಂಜೆಯೇ 4.10ಕ್ಕೆ ಸರಿಯಾಗಿ ಗೇಟಿನ ಫೋನಿನಿಂದ 108 ಒತ್ತಿ ನೋಡಿದೆ. ಪರೀಕ್ಷಾ ವಿಭಾಗದಲ್ಲಿ ರಿಂಗಾಯಿತು, ಕ್ಲರ್ಕ್ ಎತ್ತಿದರು, ಅವರ ಫೋನಿನಲ್ಲಿ 10.40 ಅಂತ ಬಿತ್ತು. ಪ್ರಾಂಶುಪಾಲರೇ, ನೀವೂ ನಿಮ್ಮ ಮೇಜಿನ ಫೋನಿನಿಂದ ಒತ್ತಿ ನೋಡಬಹುದು, ಅರ್ಧ ನಿಮಿಷದ ಕೆಲಸ.

ಹೊಸ ವ್ಯವಸ್ಥೆಯಲ್ಲಿ ಎಕ್ಸ್‌ಟೆನ್ಶನ್ ನಂಬರುಗಳನ್ನು 101ರಿಂದ ಸಾಲಾಗಿ ಕೊಟ್ಟಿದ್ದಾರೆ. 108 ಪರೀಕ್ಷಾ ವಿಭಾಗ. 112 ಸ್ಪೋರ್ಟ್ಸ್ ರೂಮ್. ಅಂದರೆ ಈ ಕ್ಯಾಂಪಸ್ಸಿನಲ್ಲಿ ಯಾರಾದರೂ ಪ್ರಾಣ ಹೋಗುವ ಹೊತ್ತಿನಲ್ಲಿ ಆಂಬುಲೆನ್ಸಿಗೆ ಅಂತ ಒತ್ತಿದರೆ ಉತ್ತರಪತ್ರಿಕೆಯ ಗೋಡೌನಿನಲ್ಲಿ ಗಂಟೆ ಬಾರಿಸುತ್ತದೆ, ಪೊಲೀಸರಿಗೆ ಅಂತ ಒತ್ತಿದರೆ ವಾಲಿಬಾಲ್ ನೆಟ್ಟಿನ ಪಕ್ಕ. ಹೊರಗೆ ಹೋಗಬೇಕಾದರೆ ಮೊದಲು 0 ಒತ್ತಬೇಕು ಅಂತ ಸರ್ಕ್ಯುಲರ್ ಕಳಿಸಿದ್ದೇವೆ ಅಂತ ಹೇಳುತ್ತೀರಿ. ಕಳಿಸಿದ್ದೀರಿ, ಇಂಗ್ಲಿಷಿನಲ್ಲಿ, ಇಮೇಲಿನಲ್ಲಿ. ವಾಚ್‌ಮನ್‌ಗೆ ಇಮೇಲ್ ಇಲ್ಲ. ಹಾಸ್ಟೆಲ್ ಅಡುಗೆಯವರಿಗೂ ಇಲ್ಲ.

ಹಳೇ ಎಕ್ಸ್‌ಚೇಂಜಿನಲ್ಲಿ ನಂಬರುಗಳೆಲ್ಲ 2ರಿಂದ ಶುರುವಾಗುತ್ತಿದ್ದವು, 201, 214, 236, ಹೀಗೆ. ಅದು ಯಾರೋ ಮನಸ್ಸಿಗೆ ಬಂದ ಹಾಗೆ ಕೊಟ್ಟದ್ದಲ್ಲ. 100 ಪೊಲೀಸು, 101 ಅಗ್ನಿಶಾಮಕ, 108 ಆಂಬುಲೆನ್ಸು, ಈಗ ಎಲ್ಲಕ್ಕೂ ಸೇರಿ 112. ಒಂದರಿಂದ ಶುರುವಾಗುವುದು ಇಂಥದ್ದಕ್ಕೆ ಅಂತ ಟೆಲಿಫೋನ್ ಇಲಾಖೆಯ ಕಾಲದಿಂದ ಬಿಟ್ಟ ಜಾಗ. ಎಕ್ಸ್‌ಚೇಂಜ್ ಹಾಕಲು ಬಂದಿದ್ದ ಹಿರಿಯ ಮೆಕ್ಯಾನಿಕ್ ನನಗೆ ಹೇಳಿದ ಮೊದಲ ಪಾಠವೇ "ಒಂದನ್ನು ಮುಟ್ಟಬೇಡಿ" ಅಂತ. 108 ನಮ್ಮ ರಾಜ್ಯಕ್ಕೆ 2008ರಲ್ಲಿ ಬಂದಾಗ, ನಮ್ಮ ಯಾವ ಫೋನಿನಿಂದಲೂ 0 ಇಲ್ಲದೆ ನೇರವಾಗಿ ಅದಕ್ಕೆ ಹೋಗುವ ಹಾಗೆ ನಾನೇ ಪ್ರೋಗ್ರಾಂ ಮಾಡಿದ್ದೆ. ವಾಚ್‌ಮನ್ ಕೈಗೆ ಅದೇ ಅಭ್ಯಾಸ. 14 ವರ್ಷದಿಂದ ಗೇಟಿನಲ್ಲಿದ್ದಾರೆ, ಆ ಫೋನಿನಿಂದ ಎಷ್ಟೋ ಸಲ ಆಂಬುಲೆನ್ಸ್ ಕರೆದಿದ್ದಾರೆ. ಅವರ ಕೈ ಸರಿಯಾದ ನಂಬರನ್ನೇ ಒತ್ತಿತು. ತಪ್ಪಾದ ಕಡೆ ಕೊಂಡೊಯ್ದದ್ದು ನಾವು ದುಡ್ಡು ಕೊಟ್ಟು ತಂದ ಯಂತ್ರ.

ಇದು ನಮ್ಮಲ್ಲಿ ಮಾತ್ರ ಆದ ಎಡವಟ್ಟು ಅಂದುಕೊಳ್ಳಬೇಡಿ. ಅಮೆರಿಕದ ಟೆಕ್ಸಾಸ್‌ನಲ್ಲಿ ಮಾರ್ಷಲ್ ಅಂತ ಒಂದು ಊರಿದೆ. ಅಲ್ಲಿನ ಒಂದು ಮೋಟೆಲಿನಲ್ಲಿ 2013ರ ಡಿಸೆಂಬರ್‌ನಲ್ಲಿ ಕ್ಯಾರಿ ಹಂಟ್ ಅನ್ನುವ ಹೆಂಗಸಿನ ಮೇಲೆ ಹಲ್ಲೆ ಆಯಿತು. 9 ವರ್ಷದ ಮಗಳು ಅಲ್ಲೇ ಇದ್ದಳು. ಶಾಲೆಯಲ್ಲಿ ಕಲಿಸಿದ ಹಾಗೆ ಅಲ್ಲಿನ ತುರ್ತು ನಂಬರ್ 911 ಒತ್ತಿದಳು, ಒಂದಲ್ಲ, ನಾಲ್ಕು ಸಲ. ಹೊರಗಿನ ಲೈನಿಗೆ ಮೊದಲು ಇನ್ನೊಂದು 9 ಒತ್ತಬೇಕು ಅಂತ ಆ ಮಗುವಿಗೆ ಯಾರು ಹೇಳಿದ್ದರು? ತಾಯಿ ಉಳಿಯಲಿಲ್ಲ. ಆಕೆಯ ಹೆಸರಿನಲ್ಲೇ 2018ರಲ್ಲಿ ಅಲ್ಲಿ ಕಾನೂನು ಬಂತು: ಆಫೀಸು, ಹೋಟೆಲು, ಕ್ಯಾಂಪಸ್ಸುಗಳಲ್ಲಿ ಹೊಸದಾಗಿ ಹಾಕುವ ಫೋನುಗಳಿಂದ ಮೊದಲು ಬೇರೆ ಯಾವ ಅಂಕಿಯೂ ಒತ್ತದೆ ನೇರ 911ಕ್ಕೆ ಹೋಗಬೇಕು, ಜೊತೆಗೆ ಆ ಕಟ್ಟಡದ ರಿಸೆಪ್ಷನ್‌ನಂಥ ಕಡೆಗೂ ಸುದ್ದಿ ಹೋಗಬೇಕು ಅಂತ. ಆ ಪಾಠಕ್ಕೆ ಅವರು ಕೊಟ್ಟ ಬೆಲೆ ದೊಡ್ಡದು. ನಮಗೆ ಬಿಟ್ಟಿಯಾಗಿ ಸಿಗುತ್ತಿದೆ, ತಗೊಳ್ಳೋಣ ಅಲ್ವಾ?

ಈಗ ಹಾಸ್ಟೆಲ್ ಫೋನಿನ ವಿಷಯ. ಅದು ಯಾಕೆ ಸತ್ತಿತ್ತು?

ಹಳೇ ಫೋನಿಗೆ ಗೋಡೆಯ ಪ್ಲಗ್ಗೇ ಇರಲಿಲ್ಲ ಅನ್ನುವುದನ್ನು ಗಮನಿಸಿರುತ್ತೀರಿ. ಮಾತು ಬರುವ ಎರಡು ತಂತಿಯಲ್ಲೇ ಕರೆಂಟೂ ಬರುತ್ತಿತ್ತು, ಸುಮಾರು 48 ವೋಲ್ಟ್. ಎಕ್ಸ್‌ಚೇಂಜ್ ರೂಮಿನಲ್ಲಿ 12 ವೋಲ್ಟಿನ ನಾಲ್ಕು ದೊಡ್ಡ ಬ್ಯಾಟರಿ ಸಾಲಾಗಿ ಕೂತಿದ್ದವು, ಕ್ಯಾಂಪಸ್ಸೆಲ್ಲ ಕತ್ತಲಾದರೂ ಫೋನ್ ಎತ್ತಿದರೆ ಗುಂಯ್ ಅನ್ನುತ್ತಿತ್ತು. ಆ ತಂತಿ ಜೋಡಿಸುವಾಗ ಯಾರಾದರೂ ಅದೇ ನಂಬರಿಗೆ ಫೋನ್ ಮಾಡಿದರೆ ರಿಂಗಿನ ಕರೆಂಟು ಬೆರಳಿಗೆ ಜುಮ್ ಅಂತ ಹೊಡೆಯುತ್ತಿತ್ತು, ಎಷ್ಟು ಸಲ ಹೊಡೆಸಿಕೊಂಡಿದ್ದೇನೋ ಲೆಕ್ಕವಿಲ್ಲ. ತಿಂಗಳಿಗೊಮ್ಮೆ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿದರೆ ಅದರ ಪೂಜೆ ಮುಗಿಯಿತು.

ಹೊಸ ಫೋನ್ ಒಂದು ಸಣ್ಣ ಕಂಪ್ಯೂಟರ್. ಅದಕ್ಕೆ ಕರೆಂಟ್ ಬರುವುದು ನೆಟ್‌ವರ್ಕ್ ಕೇಬಲಿನಲ್ಲಿ, ಆ ಮಹಡಿಯಲ್ಲಿರುವ, ಕೇಬಲಿನಲ್ಲೇ ಕರೆಂಟನ್ನೂ ಕಳಿಸುವ ಪಿಓಇ ಸ್ವಿಚ್‌ನಿಂದ. ಸ್ವಿಚ್ ಸತ್ತರೆ ಅದಕ್ಕೆ ಕಟ್ಟಿದ ಅಷ್ಟೂ ಫೋನ್ ಒಟ್ಟಿಗೆ ಸಾಯುತ್ತವೆ. ಹಾಸ್ಟೆಲಿನ ಸ್ವಿಚ್‌ಗೆ ಏನು ಆಸರೆ ಇಟ್ಟಿದ್ದಾರೆ ಅಂತ ಹೋಗಿ ನೋಡಿದೆ. ಮೆಟ್ಟಿಲ ಕೆಳಗೆ, ಪೊರಕೆ ಬಕೆಟ್ಟಿನ ಪಕ್ಕ, ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಇಡುವಂಥ ಒಂದು 600 ವಿಎ ಯುಪಿಎಸ್. ಅದರೊಳಗೆ 12 ವೋಲ್ಟ್ 7 ಆಂಪಿಯರ್ ಅವರ್‌ನ ಒಂದು ಬ್ಯಾಟರಿ. 12 ಗುಣಿಸು 7, ಒಟ್ಟು 84 ವ್ಯಾಟ್ ಅವರ್. ಸ್ವಿಚ್ಚೂ ಅದರ ಮೇಲಿನ 20 ಫೋನೂ ಸೇರಿ 120 ವ್ಯಾಟ್ ಎಳೆದರೂ ಕಾಗದದ ಮೇಲೆ 40 ನಿಮಿಷ, ನಿಜದಲ್ಲಿ ಅದರ ಅರ್ಧ. ನಮ್ಮ ಡಿಪ್ಲೊಮಾ ಹುಡುಗರಿಗೆ ಮೊದಲ ಸೆಮಿಸ್ಟರಿನಲ್ಲಿ ಮಾಡಿಸುವ ಲೆಕ್ಕ ಇದು. 9 ಗಂಟೆಗೆ ಕರೆಂಟ್ ಹೋಯಿತು, 9.30ರ ಒಳಗೆ ಹಾಸ್ಟೆಲಿನ ಅಷ್ಟೂ ಫೋನ್ ಸತ್ತವು, ಹುಡುಗಿಗೆ ಉಬ್ಬಸ ಬಂದದ್ದು 11.40ಕ್ಕೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಎಷ್ಟು ಹೊತ್ತು ಹೋಗುತ್ತದೆ ಅಂತ ಟೆಂಡರ್ ಬರೆದವರು ಊರಿನ ಒಬ್ಬರನ್ನು ಕೇಳಿದ್ದರೂ ಸಾಕಿತ್ತು.

ಇನ್ನೊಂದು ದಿನದ ಮಾತು. ಆಗಸ್ಟಿನಲ್ಲಿ ರಸ್ತೆ ಅಗಲ ಮಾಡುವ ಜೆಸಿಬಿ ನಮ್ಮ ಫೈಬರ್ ಕಿತ್ತುಹಾಕಿತಲ್ಲ, ನೆನಪಿದೆಯಾ? ಬೆಳಗ್ಗೆ 11ರಿಂದ ಮಾರನೇ ದಿನ ಮಧ್ಯಾಹ್ನದ ತನಕ ಇಂಟರ್ನೆಟ್ ಇರಲಿಲ್ಲ. ಇಂಟರ್ನೆಟ್ ಹೋದರೆ ಹೊರಗಿನ ಕಾಲ್ ಹೋಗದಿರುವುದು ಅರ್ಥವಾಗುತ್ತದೆ. ಆದರೆ ಆ ದಿನ ಲೈಬ್ರರಿಯಿಂದ ಆಫೀಸಿಗೂ ಫೋನ್ ಹೋಗಲಿಲ್ಲ, ನಡುವೆ ಇರುವುದು ಒಂದು ಹಲಸಿನ ಮರ! ಕಾರಣ ಇಷ್ಟೇ. ಫೋನುಗಳಿಗೆ ದಾರಿ ಹೇಳುವ ಸರ್ವರ್ ನಮ್ಮ ಕ್ಯಾಂಪಸ್ಸಿನಲ್ಲಿ ಇಲ್ಲ, ಕಂಪನಿಯ ಕ್ಲೌಡ್‌ನಲ್ಲಿದೆ. ಲೈಬ್ರರಿಯಿಂದ ಆಫೀಸಿಗೆ ಹೋಗುವ ಪ್ರತಿ ಕರೆಯೂ ಮೊದಲು ಎಲ್ಲೋ ದೂರದ ಸರ್ವರ್‌ಗೆ "ಆಫೀಸು ಎಲ್ಲಿದೆ" ಅಂತ ಕೇಳಿಕೊಂಡು ಬರಬೇಕು. ಇಂಟರ್ನೆಟ್ ಫೋನ್ ಅಂದ ಮಾತ್ರಕ್ಕೆ ಒಳಗಿನ ಮಾತಿಗೂ ಇಂಟರ್ನೆಟ್ ಬೇಕೇಬೇಕು ಅಂತ ಏನೂ ಇಲ್ಲ. ಸರ್ವರ್ ಕ್ಯಾಂಪಸ್ಸಿನಲ್ಲೇ ಇದ್ದರೆ, ಹೊರಗಿನ ಫೈಬರ್ ತುಂಡಾದರೂ ಒಳಗಿನ ಕಾಲ್ ಆರಾಮಾಗಿ ನಡೆಯುತ್ತದೆ. ಆಸ್ಟರಿಸ್ಕ್ ಅಂತ ಒಂದು ಓಪನ್ ಸೋರ್ಸ್ ಸಾಫ್ಟ್‌ವೇರ್ ಇದೆ, 1999ರಿಂದ ಇದೆ, ಲೈಸೆನ್ಸಿಗೆ ಒಂದು ರೂಪಾಯಿ ಕೊಡಬೇಕಾಗಿಲ್ಲ. ನಮ್ಮ ಲ್ಯಾಬಿನಲ್ಲಿ ಎರಡು ವರ್ಷದ ಹಿಂದೆ ಇಬ್ಬರು ಹುಡುಗರು ಪ್ರಾಜೆಕ್ಟಿಗೆ ಅಂತ ಮೂಲೆಗೆ ಬಿದ್ದಿದ್ದ ಒಂದು ಡೆಸ್ಕ್‌ಟಾಪಿಗೆ ಅದನ್ನು ಹಾಕಿ 20 ಎಕ್ಸ್‌ಟೆನ್ಶನ್ ನಡೆಸಿ ತೋರಿಸಿದ್ದರು. ಅಧ್ಯಕ್ಷರೇ, ಆ ಪ್ರದರ್ಶನಕ್ಕೆ ಬಹುಮಾನ ಕೊಟ್ಟವರು ನೀವೇ.

ಸ್ವರ ಒಡೆಯುತ್ತದೆ ಅಂತ ಎಲ್ಲರೂ ದೂರುತ್ತಿರುವುದಕ್ಕೂ ಒಂದು ಮಾತು. ಮಾತನ್ನು ಸೆಕೆಂಡಿಗೆ 50 ತುಂಡು ಮಾಡಿ ಕಳಿಸುವ ವಿದ್ಯೆ ಇದು. ಒಂದು ಕರೆಗೆ ಬೇಕಾದದ್ದು ಸೆಕೆಂಡಿಗೆ ಹೆಚ್ಚೂಕಡಿಮೆ 90 ಕಿಲೋಬಿಟ್, 30 ಜನ ಒಟ್ಟಿಗೆ ಮಾತಾಡಿದರೂ 3 ಮೆಗಾಬಿಟ್ ದಾಟುವುದಿಲ್ಲ. ಹಾಗಾಗಿ "ಇನ್ನೂ ದೊಡ್ಡ ಇಂಟರ್ನೆಟ್ ಪ್ಲಾನ್ ತಗೊಳ್ಳಿ" ಅಂತ ಕಂಪನಿಯವರು ಹೇಳಿದರೆ ದಯವಿಟ್ಟು ಚೆಕ್ ಬರೆಯಬೇಡಿ. ತೊಂದರೆ ಅಗಲದ್ದಲ್ಲ, ಸಾಲಿನದ್ದು. ಮೆಸ್ಸಿನಲ್ಲಿ ಒಂದು ಲೋಟ ನೀರಿಗೆ ಬಂದವನನ್ನೂ ಊಟದ ಸಾಲಿನ ಕೊನೆಯಲ್ಲಿ ನಿಲ್ಲಿಸಿದ ಹಾಗೆ, ಈ ಪುಟ್ಟ ತುಂಡುಗಳನ್ನು ಹುಡುಗರು ನೋಡುವ ವಿಡಿಯೊಗಳ ಹಿಂದೆ ನಿಲ್ಲಿಸಿದ್ದಾರೆ. ಬಾಯಿಂದ ಕಿವಿಗೆ 150 ಮಿಲಿಸೆಕೆಂಡ್ ದಾಟದಿದ್ದರೆ ಒಳ್ಳೆಯದು ಅಂತ ಲೆಕ್ಕ. ಅದು ಜಾಸ್ತಿ ಆದಷ್ಟೂ ಒಬ್ಬರ ಮಾತಿನ ಮೇಲೆ ಒಬ್ಬರು ಬೀಳುತ್ತಾರೆ. ಸ್ವಿಚ್‌ನಲ್ಲಿ ಫೋನಿಗೆ ಬೇರೆ ವಿಲ್ಯಾನ್, ಅಂದರೆ ಅದೇ ತಂತಿಯಲ್ಲಿ ಪ್ರತ್ಯೇಕ ಓಣಿ, ಮಾಡಿ, ಅದಕ್ಕೆ ಮೊದಲು ದಾರಿ ಬಿಡು ಅಂತ ಹೇಳಿದರೆ ಮುಗಿಯಿತು. ಆ ಸೌಕರ್ಯ ಈಗಿರುವ ಸ್ವಿಚ್‌ನಲ್ಲೇ ಇದೆ, ಯಾರೂ ಆನ್ ಮಾಡಿಲ್ಲ ಅಷ್ಟೇ.

ಪಾಸ್‌ವರ್ಡ್ ಬಗ್ಗೆ ಇಲ್ಲಿ ಬಿಡಿಸಿ ಬರೆಯುವುದಿಲ್ಲ, ಯಾಕೆ ಅಂತ ನಿಮಗೆ ಗೊತ್ತಾಗುತ್ತದೆ. ಮೂರನೇ ಪತ್ರದ ಎರಡನೇ ಪುಟ ನೋಡಿ, ಇವತ್ತೇ ನೋಡಿ. ಇಂಥ ಫೋನ್ ಸರ್ವರ್‌ಗಳಿಗೆ ಹೊರಗಿನಿಂದ ನುಗ್ಗಿ ರಾತ್ರೋರಾತ್ರಿ ಯಾವುದೋ ದೇಶಕ್ಕೆ ಐಎಸ್‌ಡಿ ಮಾಡಿ ಬಿಲ್ ಏರಿಸುವವರು ಜಗತ್ತಿನ ಎಲ್ಲ ಕಡೆ ಇದ್ದಾರೆ.

ಹಾಗಂತ ಹಳೆಯದೇ ಚೆನ್ನಾಗಿತ್ತು, ಅದನ್ನೇ ವಾಪಸ್ ತನ್ನಿ ಅಂತ ನಾನು ಹೇಳುವವನಲ್ಲ. ಮಳೆಗಾಲ ಬಂತೆಂದರೆ ತಂತಿಗಳನ್ನು ಹಂಚುವ ಡಿಪಿ ಬಾಕ್ಸಿನೊಳಗೆ ನೀರು ನುಗ್ಗಿ ತಾಮ್ರದ ಜಾಯಿಂಟು ಹಸಿರುಗಟ್ಟಿ, ಫೋನ್ ಎತ್ತಿದರೆ ಹುರಿದ ಹಾಗೆ ಚರಚರ ಅನ್ನುತ್ತಿತ್ತು. ಇಲಿ ಕಡಿಯುವುದು ಬೇರೆ. ಸಿಡಿಲು ಬಡಿದು ಕಾರ್ಡ್ ಸುಟ್ಟರೆ ಬಿಡಿಭಾಗ ಸಿಗುತ್ತಿರಲಿಲ್ಲ, ವರ್ಷದ ರಿಪೇರಿ ಒಪ್ಪಂದ (ಎಎಂಸಿ) ಮಾಡುವವರೂ ಕೈ ಎತ್ತಿದ್ದರು. ಬದಲಾಯಿಸುವ ಕಾಲ ಬಂದಿತ್ತು. ಕಟ್ಟಡದಿಂದ ಕಟ್ಟಡಕ್ಕೆ ಫೈಬರ್ ಎಳೆದದ್ದು ತುಂಬ ಒಳ್ಳೆಯ ಕೆಲಸ, ಗಾಜಿನ ಎಳೆಯಲ್ಲಿ ಸಿಡಿಲಿನ ಕರೆಂಟ್ ಹರಿಯುವುದಿಲ್ಲ. ಕೆಮಿಸ್ಟ್ರಿಯವರು ಹೊಸ ಬ್ಲಾಕಿಗೆ ಹೋಗುವಾಗ ಫೋನನ್ನು ಬಗಲಲ್ಲಿ ಇಟ್ಟುಕೊಂಡು ಹೋಗಿ ಚುಚ್ಚಿದರು, ಅದೇ ನಂಬರ್, ಮೊದಲಾದರೆ ಅದು ನನಗೆ ಅರ್ಧ ದಿನದ ಕೆಲಸ.

ಆದರೆ ಸರ್ಕ್ಯುಲರಿನಲ್ಲಿ ಬರೆದ ಒಂದು ಸಾಲು ನನಗೆ ಇವತ್ತಿಗೂ ಜೀರ್ಣವಾಗಿಲ್ಲ. "ಇನ್ನು ಮುಂದೆ ವಿಭಾಗಗಳ ನಡುವಿನ ಕರೆಗಳು ಸಂಪೂರ್ಣ ಉಚಿತ" ಅಂತ. ಯಾವತ್ತು ದುಡ್ಡು ಇತ್ತು ಸ್ವಾಮಿ? ಇಂಟರ್‌ಕಾಮ್ ಅಂದರೇ ಬಿಟ್ಟಿ. ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್ ತಂಡ ಬರುವ ಮುಂಚೆ ಮುಗಿಸಬೇಕು ಅನ್ನುವ ಅವಸರ ಅರ್ಥವಾಗುತ್ತದೆ, ಅದನ್ನು ಹಾಗೆಯೇ ಹೇಳಬಹುದಿತ್ತು.

ಮೇ ತಿಂಗಳ ಮೀಟಿಂಗಿನಲ್ಲಿ ನಾನು ಬ್ಯಾಟರಿ ವಿಷಯ ಎತ್ತಿದಾಗ ಕಂಪನಿಯ ಹುಡುಗ ನಕ್ಕು "ಅಂಕಲ್, ನೀವು ಟ್ರಂಕ್ ಕಾಲ್ ಕಾಲದವರು" ಅಂದ. ನೀವೂ ನಕ್ಕಿರಿ. ಪರವಾಗಿಲ್ಲ. ಅವನಿಗೊಂದು ವಿಷಯ ಹೇಳಬೇಕು ಅಂತ ಅವತ್ತೇ ಅನಿಸಿತ್ತು. 1984ರಲ್ಲಿ ಸಿ-ಡಾಟ್ ಅಂತ ಸರ್ಕಾರದ ಟೆಲಿಫೋನ್ ತಂತ್ರಜ್ಞಾನ ಸಂಸ್ಥೆ ಶುರುವಾಯಿತು, ಟೆಲಿಕಾಂ ಇಂಜಿನಿಯರ್ ಸ್ಯಾಮ್ ಪಿತ್ರೋಡಾ ಅವರು ಮುಂದೆ ನಿಂತು ಕಟ್ಟಿದ್ದು. ಅವರು ಹಳ್ಳಿಗೆ ಅಂತ ಮಾಡಿದ 128 ಲೈನಿನ ಮೊದಲ ಎಕ್ಸ್‌ಚೇಂಜ್ ಕೂತದ್ದು ದಿಲ್ಲಿಯಲ್ಲಲ್ಲ, ನಮ್ಮ ಕಿತ್ತೂರಿನಲ್ಲಿ, 1986ರಲ್ಲಿ. ಹೊರದೇಶದ ಎಕ್ಸ್‌ಚೇಂಜುಗಳಿಗೆ ಏಸಿ ರೂಮು ಬೇಕಿದ್ದ ಕಾಲ ಅದು. ಇದನ್ನು ಮಾಡಿದವರು ಮೊದಲು ನಮ್ಮ ಹಳ್ಳಿಯ ಧೂಳು, ಸೆಕೆ, ಬಂದು ಹೋಗುವ ಕರೆಂಟು ನೋಡಿದರು, ಆಮೇಲೆ ಏಸಿ ಬೇಡದ ಪೆಟ್ಟಿಗೆ ಮಾಡಿದರು. ಅದೂ ಆ ಕಾಲಕ್ಕೆ ಹೊಸ ತಂತ್ರಜ್ಞಾನವೇ, ಡಿಜಿಟಲ್ಲೇ. ನಾನು ಕೇಳಿದ್ದೂ ಅಷ್ಟೇ, ಹೊಸದು ತನ್ನಿ, ತರುವಾಗ ಒಂದು ಸಲ ಹಾಸ್ಟೆಲಿನ ಮೆಟ್ಟಿಲ ಕೆಳಗೆ ಹೋಗಿ ನೋಡಿ ಅಂತ.

ಈಗ ನನ್ನ ಬೇಡಿಕೆಗಳು. ಎಲ್ಲಕ್ಕಿಂತ ಮೊದಲು ವಾಚ್‌ಮನ್‌ಗೆ ಕೊಟ್ಟ ಮೆಮೊ ವಾಪಸ್ ತೆಗೆದುಕೊಳ್ಳಿ, ಬಾಯಿಮಾತಿನಲ್ಲಿ ಅಲ್ಲ, ಬರಹದಲ್ಲಿ, ಅದರ ಪ್ರತಿ ಅವರ ಏಜೆನ್ಸಿಗೂ ಹೋಗಬೇಕು. ಅವರನ್ನು ಬದಲಾಯಿಸಿ ಅಂತ ಏಜೆನ್ಸಿಗೆ ಬರೆದಿದ್ದೀರಂತೆ. ಒಂದು ತಿಂಗಳಿಂದ ಅವರು ಊಟದ ಡಬ್ಬಿ ತೆರೆದು ಹಾಗೇ ಮುಚ್ಚಿಡುವುದನ್ನು ನಾನು ನೋಡುತ್ತಿದ್ದೇನೆ. ಒಳಗಿನ ಕರೆಗಳ ಪ್ರಿಂಟ್‌ಔಟ್ ತರಿಸಿ, ಸಂಜೆ 6.22ರ ಸಾಲಿಗೆ ಐದೂವರೆ ಗಂಟೆ ಕೂಡಿಸಿ, ನಾನು ಹೇಳಿದ್ದು ಸುಳ್ಳಾದರೆ ಮೆಮೊ ನನಗೆ ಕೊಡಿ.

108, 112 ಎರಡನ್ನೂ ಎಕ್ಸ್‌ಟೆನ್ಶನ್ ಪಟ್ಟಿಯಿಂದ ತೆಗೆಸಿ, 0 ಒತ್ತಲಿ ಬಿಡಲಿ ನೇರ ಹೊರಗೆ ಹೋಗುವ ಹಾಗೆ ಮಾಡಿಸಿ. ಇದಕ್ಕೆ ಖರ್ಚಿಲ್ಲ, ಕಂಪನಿಯವರು ಕೂತಲ್ಲೇ ಹತ್ತು ನಿಮಿಷದಲ್ಲಿ ಮಾಡಬಹುದು. ಗಡಿಯಾರವನ್ನೂ ಜೊತೆಗೇ ಸರಿಮಾಡಲಿ. ಆಮೇಲೆ ನಿಮ್ಮ ಎದುರಿಗೇ ಗೇಟಿನಿಂದ ಒಂದು ಸಲ 108ಕ್ಕೆ ಹೋಗುತ್ತದೋ ಅಂತ ಪರೀಕ್ಷೆ ಆಗಲಿ. 108ನವರಿಗೆ ಪರೀಕ್ಷೆಗೆ ಮಾಡಿದ್ದು ಅಂತ ಹೇಳಿ ಕೂಡಲೇ ಇಡಬೇಕು, ಲೈನ್ ಹಿಡಿದು ಕೂರಬಾರದು. ಒಂದೊಂದು ಫೋನಿನ ಮೇಲೂ ಕನ್ನಡದಲ್ಲಿ ಒಂದು ಚೀಟಿ ಅಂಟಿಸೋಣ, ಆ ಚೀಟಿ ನಾನೇ ಬರೆದು ಕೊಡುತ್ತೇನೆ.

ಸರ್ವರ್ ಕ್ಯಾಂಪಸ್ಸಿನೊಳಗೆ ಬರಬೇಕು ಅನ್ನುವುದಕ್ಕೆ ಸ್ವಲ್ಪ ಸಮಯ ಹಿಡಿಯುತ್ತದೆ, ಒಪ್ಪಂದ ನೋಡಬೇಕು, ಗೊತ್ತು. ದೀಪಾವಳಿ ರಜೆಯಲ್ಲಿ ಮಾಡಬಹುದು. ಹಾಸ್ಟೆಲಿಗೆ 150 ಆಂಪಿಯರ್ ಅವರ್‌ನ ಒಂದು ಟ್ಯೂಬ್ಯುಲರ್ ಬ್ಯಾಟರಿ, ಅದಕ್ಕೆ ತಕ್ಕ ಇನ್ವರ್ಟರ್, ನಮ್ಮ ಮನೆಗಳಲ್ಲೆಲ್ಲ ಇರುವಂಥದ್ದೇ. ಹೊಸ ಬ್ಯಾಟರಿ ಎಂಟು ಗಂಟೆಗೆ ಮೋಸ ಮಾಡುವುದಿಲ್ಲ.

ಅದಕ್ಕೂ ಮುಂಚೆ, ಇದು ನನ್ನ ಕೊನೆಯ ಮತ್ತು ಅವಸರದ ಬೇಡಿಕೆ, ಹಳೇ ತಾಮ್ರವನ್ನು ಕೀಳಬೇಡಿ. ಎಲ್ಲವನ್ನೂ ಉಳಿಸಿ ಅನ್ನುತ್ತಿಲ್ಲ. ಎರಡು ಹಾಸ್ಟೆಲಿನ ವಾರ್ಡನ್ ರೂಮು, ಮೆಸ್ಸು, ಗೇಟು, ಪಂಪ್‌ಹೌಸು, ಹೆಲ್ತ್ ಸೆಂಟರು, ಕೆಮಿಸ್ಟ್ರಿ ಸ್ಟೋರು, ಹೀಗೆ ಎಣಿಸಿದರೆ 18 ಜೋಡಿ ತಂತಿ. ಅವುಗಳ ಜಾಯಿಂಟನ್ನೆಲ್ಲ ಏಪ್ರಿಲ್‌ನಲ್ಲೇ ಹೊಸದಾಗಿ ಮಾಡಿದ್ದೇನೆ. ಅನಲಾಗ್ ಗೇಟ್‌ವೇ ಅಂತ, ಹಳೇ ಫೋನುಗಳನ್ನು ಹೊಸ ವ್ಯವಸ್ಥೆಗೆ ಸೇರಿಸುವ 24 ಪೋರ್ಟಿನ ಒಂದು ಪೆಟ್ಟಿಗೆ ಬರುತ್ತದೆ. ಅದನ್ನು ಎಕ್ಸ್‌ಚೇಂಜ್ ರೂಮಿನಲ್ಲಿ ಜನರೇಟರ್ ಲೈನಿನ ಮೇಲಿಟ್ಟು ಈ 18 ಜೋಡಿಯನ್ನು ಅದಕ್ಕೆ ಕೊಟ್ಟರೆ, ಅಲ್ಲೆಲ್ಲ ಹಳೇ ಮಾಮೂಲಿ ಫೋನೇ ಕೂರುತ್ತದೆ, ಹೊಸ ವ್ಯವಸ್ಥೆಯ ನಂಬರೇ ಬರುತ್ತದೆ, ಹಾಸ್ಟೆಲಿನಲ್ಲಿ ಕರೆಂಟ್ ಇರಲಿ ಬಿಡಲಿ ಡಯಲ್ ಟೋನ್ ಇರುತ್ತದೆ. ಹೊಸದಕ್ಕೂ ಹಳೆಯದಕ್ಕೂ ಜಗಳವೇ ಇಲ್ಲ.

ಗುಜರಿಯವನು ಶನಿವಾರ ಟೆಂಪೊ ತರುತ್ತಾನೆ ಅಂತ ಸ್ಟೋರ್ಸಿನವರು ಹೇಳಿದರು. ಎಕ್ಸ್‌ಚೇಂಜ್ ರೂಮಿನ ಕೀ ನನ್ನ ಹತ್ತಿರ ಇದೆ. ಬರಹದಲ್ಲಿ ಆದೇಶ ಕೊಟ್ಟರೆ ಕೊಡದೆ ಇರಲು ನನಗೆ ಅಧಿಕಾರ ಇಲ್ಲ, ಕೊಡುತ್ತೇನೆ. ಶುಕ್ರವಾರ ಸಂಜೆ 5ರ ತನಕ ಲ್ಯಾಬಿನಲ್ಲೇ ಇರುತ್ತೇನೆ. ಎಕ್ಸ್‌ಟೆನ್ಶನ್ 147. ಕರೆಂಟ್ ಇಲ್ಲದಿದ್ದರೆ ಅಟೆಂಡರ್ ಹತ್ತಿರ ಹೇಳಿ ಕಳಿಸಿ.

ಇಂತಿ ನಿಮ್ಮ ವಿಶ್ವಾಸಿ,
ಎಲೆಕ್ಟ್ರಾನಿಕ್ಸ್ ಲ್ಯಾಬಿನ ಇನ್‌ಸ್ಟ್ರಕ್ಟರ್